ಕರೆದರೆ ಓಗೊಡದ ಗುಲಾಬಿಯಕ್ಕ

ಗುಲಾಬಿಯಕ್ಕನನ್ನು ಕರೆದರೆ ಅವರು ಓಗೊಡುತ್ತಿರಲಿಲ್ಲ. ಬಂದು ನಿಲ್ಲುತ್ತಿದ್ದರು. ಮಲ್ಪೆಯ ಅವರ ಮನೆಯಂಗಳದಲ್ಲಿ ನಿಂತು "ಗುಲಾಬಿಯಕ್ಕಾ" ಎಂದು ಎಷ್ಟು ಕೂಗಿದರೂ ಒಳಗಿಂದ ಸದ್ದಿಲ್ಲ. ಮನೆಯಲ್ಲಿ ಯಾರೂ ಇಲ್ಲವೆಂದು ಹೊರಡುವಷ್ಟರಲ್ಲಿ ಹಿಂದಿನಿಂದ ಮೊಣಕೈಗೆ ಒಂದು ಬೆರಳು ತಾಗುತ್ತಿತ್ತು. ತಣ್ಣಗಿನ ಬೆರಳು. ವರ್ಷಗಟ್ಟಲೆ ಮೀನಿನ ಮಂಜುಗಡ್ಡೆಯಲ್ಲಿ ಆಡಿದ ಕೈ ಆಮೇಲೆ ಬಿಸಿಯಾಗಲೇ ಇಲ್ಲ ಎಂದು ಅವರೇ ಹೇಳುತ್ತಿದ್ದರು. ಹಿತ್ತಿಲ ಬಾಗಿಲಿನಿಂದ ಹೊರಟು ಮನೆ ಸುತ್ತಿ ಬಂದು ಬೆನ್ನ ಹಿಂದೆ ನಿಂತಿರುತ್ತಿದ್ದರು, ಅಷ್ಟೆ. ಅದರಲ್ಲಿ ಮಾಯಮಂತ್ರ ಏನೂ ಇಲ್ಲವೆಂದು ಗೊತ್ತಿದ್ದೂ ನಾನು ಪ್ರತಿ ಸಲ ಬೆಚ್ಚಿಬೀಳುತ್ತಿದ್ದೆ.

ಅವರಿಗೆ ಓಗೊಡಲು ದನಿಯೇ ಇರಲಿಲ್ಲ. ಥೈರಾಯ್ಡ್ ಗಡ್ಡೆಯ ಆಪರೇಷನ್ನಿನಲ್ಲಿ ಗಂಟಲ ನರಕ್ಕೆ ಪೆಟ್ಟಾಗಿ ಪಿಸುಮಾತು ಮಾತ್ರ ಉಳಿದಿತ್ತು. ಅದಕ್ಕೆ ಮುಂಚೆ ಅವರು ಬಂದರಿನಲ್ಲಿ ಬೆಳ್ಳಂಬೆಳಗ್ಗೆ ಮೀನಿನ ರಾಶಿಗಳನ್ನು ಏಲಂ ಕೂಗುತ್ತಿದ್ದವರು. ಬೋಟಿನ ಇಂಜಿನ್ನಿನ ಸದ್ದನ್ನೂ ಮೀರಿ ಅವರ ಕೂಗು ಕೇಳುತ್ತಿತ್ತಂತೆ. ಆ ಕೂಗನ್ನು ನಾನು ಕೇಳಿದವಳಲ್ಲ.

ನಾನು ಕಾಪುವಿನಲ್ಲಿ ಹೈಸ್ಕೂಲು ಟೀಚರು. ಮನೆಯಲ್ಲಿ ನಾನು ಮತ್ತು ಅಮ್ಮ ಇಬ್ಬರೇ. ನಾನು ಪಾಠ ಮಾಡಿದರೆ ಪಕ್ಕದ ಎರಡು ಕ್ಲಾಸಿನವರೂ ಬರೆದುಕೊಳ್ಳುತ್ತಾರೆ ಎಂದು ಸಹೋದ್ಯೋಗಿಗಳು ತಮಾಷೆ ಮಾಡುವಷ್ಟು ದೊಡ್ಡ ದನಿ ನನ್ನದು. ಅದೇ ಗಂಟಲಿನಲ್ಲಿ ಗಡ್ಡೆಯೊಂದು ಮೆಲ್ಲಗೆ ಬೆಳೆಯಿತು. ತೆಗೆಯಲೇಬೇಕು, ತೆಗೆಯುವಾಗ ದನಿಯ ನರ ಪಕ್ಕದಲ್ಲೇ ಇರುತ್ತದೆ ಎಂದರು ಪರೀಕ್ಷೆ ಮಾಡಿದ ಡಾಕ್ಟರು. ಪಾಠ ಹೇಳಲಾಗದಿದ್ದರೆ ಬೇರೆ ಏನಾದರೂ ಮಾಡಿಕೊಂಡೇನು. ಆದರೆ ನನ್ನ ಅಮ್ಮನಿಗೆ ಕಣ್ಣು ಕಾಣುವುದಿಲ್ಲ. ಈಚೆಗೆ ನೆನಪೂ ಸ್ವಲ್ಪ ಅತ್ತಿತ್ತ. ಅವರ ಪಾಲಿಗೆ ಮಗಳೆಂದರೆ ನನ್ನ ದನಿ. ಅದು ಹೋದರೆ ನಾನು ಅವರ ಎದುರಿಗೇ ಇದ್ದೂ ಇಲ್ಲದಂತೆ. ಆ ಹೆದರಿಕೆಯನ್ನು ಯಾರಿಗೂ ಹೇಳಲಾಗದೆ ನಾನು ಆಪರೇಷನ್ನನ್ನು ಮುಂದೂಡುತ್ತಲೇ ಇದ್ದೆ.

ಅಂಥ ಒಂದು ಮುಸ್ಸಂಜೆ ಅಮ್ಮ ಚಾವಡಿಯಿಂದ ನನ್ನನ್ನು ಕರೆದರು. "ಯಾರೋ ಗಂಟಲಿಲ್ಲದವರು ಬಂದಿದ್ದಾರೆ ಮಗಾ. ನೀನು ಓಗೊಡಬೇಡ. ಮೊದಲು ದೀಪ ಹಚ್ಚು." ನಮ್ಮ ಕಡೆ ಮುಸ್ಸಂಜೆ ಹೊರಗಿಂದ ಯಾರು ಕರೆದರೂ ಮೊದಲ ಕರೆಗೆ ಓ ಎನ್ನುವುದಿಲ್ಲ. ಮನುಷ್ಯರಾದರೆ ಮತ್ತೆ ಕರೆಯುತ್ತಾರೆ, ತೀರಿಕೊಂಡವರಾದರೆ ಒಂದೇ ಸಲ ಕರೆಯುವುದು ಎಂದು ನಂಬಿಕೆ. ನಾನು ಇದನ್ನೆಲ್ಲ ನಂಬುವವಳಲ್ಲ. ಆದರೂ ದೀಪ ಹಚ್ಚಿಯೇ ಹೊರಗೆ ಹೋದೆ. ಮೆಟ್ಟಿಲ ಮೇಲೆ ಬಿಳಿಕೂದಲ ಹೆಂಗಸೊಬ್ಬರು ನಿಂತಿದ್ದರು. ಕುತ್ತಿಗೆಯ ಬುಡದಲ್ಲಿ ಕರಿಮಣಿ ಸರದಂತೆ ಅಡ್ಡಗೀರು.

"ಹೆದರ್ಬೇಡಿ ಟೀಚರೇ. ನನಗೂ ಇದೇ ಆದದ್ದು," ಎಂದರು ಪಿಸುದನಿಯಲ್ಲಿ. "ನಿಮ್ಮ ಮನೆಗೆ ಮೀನು ತರುವವಳು ಹೇಳಿದ್ಲು, ಟೀಚರ ಗಂಟಲು ದಪ್ಪ ಆಗಿದೆ, ಯಾರ ಹತ್ರವೂ ಮಾತಾಡುದಿಲ್ಲ ಅಂತ. ನಾನಾದ್ರೂ ಮಾತಾಡುವ ಅಂತ ಬಂದೆ."

ದನಿಯೇ ಇಲ್ಲದವರು ಮಾತಾಡಲು ಬಂದದ್ದು ನೋಡಿ ನನಗೆ ನಗು ಬಂತು. ಬಹಳ ದಿನಗಳ ಮೇಲೆ ನಕ್ಕಿದ್ದೆ. ನಾನು ತುಳುವಿನಲ್ಲಿ ಮಾತಾಡಿದರೂ ಅವರು ಟೀಚರೆಂಬ ಮರ್ಯಾದೆಗೆ ಕನ್ನಡ ಬಿಡಲಿಲ್ಲ, ಕೊನೆಯವರೆಗೂ.

ಊರಿನವರಿಗೆ ಗುಲಾಬಿಯಕ್ಕನೆಂದರೆ ಒಳಗೊಳಗೇ ಭಯ. ಅವರು ಯಾವ ಮನೆಯ ಮೆಟ್ಟಿಲು ಹತ್ತುತ್ತಾರೋ ಆ ಮನೆಯಲ್ಲಿ ಒಬ್ಬರು ಆಪರೇಷನ್ ಟೇಬಲ್ ಹತ್ತುತ್ತಾರೆ ಎಂದು ಮಾತು. ಕಾಯಿಲೆ ಇದ್ದ ಮನೆಗೇ ಅವರು ಹೋಗುವುದು ಎಂದು ಯೋಚಿಸುವಷ್ಟು ತಾಳ್ಮೆ ಯಾರಿಗಿದೆ! ನಮ್ಮ ಪಕ್ಕದ ಮನೆಯವರು ಅವರನ್ನು ಕಂಡೊಡನೆ ಬಾಗಿಲು ಹಾಕಿಕೊಂಡರು. ಗುಲಾಬಿಯಕ್ಕ ಆ ಬಾಗಿಲಿಗೂ ನಕ್ಕು ಕೈಮುಗಿದು ಬಂದಿದ್ದರು.

ಒಂದು ಭಾನುವಾರ ಮಧ್ಯಾಹ್ನ ಅವರು ನನ್ನನ್ನು ಮಲ್ಪೆಗೆ ಕರೆಸಿಕೊಂಡರು. ಜಗಲಿಯಲ್ಲಿ ನಾಲ್ಕೈದು ಹೆಂಗಸರು ಸುತ್ತ ಕೂತು ಸಿಗಡಿ ಸುಲಿಯುತ್ತಿದ್ದರು. ಎಲ್ಲರ ಕುತ್ತಿಗೆಯಲ್ಲೂ ಅದೇ ಗೀರು, ಅದೇ ಜಾಗದಲ್ಲಿ. ನಾನು ಒಳಗೆ ಕಾಲಿಟ್ಟಾಗ ಎಲ್ಲರ ಕಣ್ಣೂ ಒಟ್ಟಿಗೇ ನನ್ನ ಕುತ್ತಿಗೆಗೆ ಬಂತು. "ಇವರದ್ದು ಇನ್ನೂ ಬರಿ ಕುತ್ತಿಗೆ," ಎಂದು ಒಬ್ಬಳು ಪ್ರೀತಿಯಿಂದಲೇ ಹೇಳಿದಳು. ನನಗೆ ಅಲ್ಲಿಂದ ಓಡಬೇಕೆನಿಸಿತು.

ಆದರೆ ಓಡಲಿಲ್ಲ. ಡಾಕ್ಟರು ಹೇಳದೆ ಬಿಟ್ಟದ್ದನ್ನೆಲ್ಲ ಅವರು ಹೇಳಿದರು. ಎಚ್ಚರವಾದಾಗ ಗಂಟಲಲ್ಲಿ ಏನೋ ಸಿಕ್ಕಿಕೊಂಡಂತೆ ಇರುತ್ತದೆ, ಅದು ಒಳಗೆ ಹಾಕಿದ ಟ್ಯೂಬಿನದ್ದು. ಬೆರಳು ಜುಮ್ಮೆಂದರೆ ಕೂಡಲೇ ನರ್ಸನ್ನು ಕರೆಯಬೇಕು. ಆಪರೇಷನ್ನಿಗೆ ಮುಂಚೆ ಮೂಗಿನೊಳಗಿಂದ ಸಣ್ಣ ಕ್ಯಾಮೆರಾ ಬಿಟ್ಟು ದನಿಪೆಟ್ಟಿಗೆ ನೋಡಿಸಿಕೊಳ್ಳಬೇಕು, ನಾವೇ ಕೇಳಿಯಾದರೂ ಸರಿ. ತಿಂಗಳುಗಟ್ಟಲೆ ನನ್ನ ಎದೆಯ ಮೇಲೆ ಕೂತಿದ್ದ ಭಾರವನ್ನು ಅವರು ಸಿಗಡಿಯ ಸಿಪ್ಪೆಯಂತೆ ಸುಲಿದು ಸುಲಿದು ತಟ್ಟೆಗೆ ಹಾಕಿದರು.

ಆಮೇಲೆ ಗುಲಾಬಿಯಕ್ಕ ಮೊಬೈಲ್ ತೆಗೆದರು. ಆಪರೇಷನ್ನಿಗೆ ಹೋಗುವ ಪ್ರತಿಯೊಬ್ಬರ ದನಿಯನ್ನೂ ಮೊದಲೇ ಅದರಲ್ಲಿ ಹಿಡಿದಿಡುವುದು ಅವರ ಕ್ರಮ. "ನನ್ನ ದನಿ ಹೇಗಿತ್ತು ಅಂತ ನನಗೇ ಮರೆತುಹೋಗಿದೆ ಟೀಚರೇ. ಕನಸಲ್ಲಿಯೂ ನಾನು ಪಿಸುಪಿಸು ಮಾತಾಡುದು. ಬೇರೆಯವರಿಗೆ ಹಾಗೆ ಆಗ್ಬಾರ್ದು ಅಲ್ವಾ?" ಎಂದು ಒಂದೊಂದಾಗಿ ಒತ್ತಿದರು. ಒಬ್ಬಳು ಮಗನನ್ನು ಊಟಕ್ಕೆ ಕರೆಯುತ್ತಿದ್ದಳು. ಒಬ್ಬಳು ಭಜನೆಯ ಎರಡು ಸಾಲು ಹಾಡಿದಳು. ಇನ್ನೊಂದು ದನಿ ಗಟ್ಟಿಯಾಗಿ ನಗುತ್ತಿತ್ತು. ಚೆಂದದ ನಗು, ಇದು ಯಾರದ್ದೆಂದು ಕೇಳಿದೆ.

"ಅವಳು ಹೋದ ವರ್ಷ ತೀರಿಕೊಂಡ್ಲು. ಬೇರೆ ಕಾಯಿಲೆ," ಎಂದರು ಗುಲಾಬಿಯಕ್ಕ. ಯಾರ ಕೈಯೂ ನಿಲ್ಲಲಿಲ್ಲ. ನಗು ಮುಗಿಯುವವರೆಗೂ ಎಲ್ಲರೂ ಸಿಗಡಿ ಸುಲಿಯುತ್ತಲೇ ಇದ್ದರು. ಗುಲಾಬಿಯಕ್ಕನ ಮನೆಯಲ್ಲಿ ಸಂಜೆ ಹೊತ್ತು ಜನ ಮಾತಾಡುವುದು ಕೇಳುತ್ತದೆ, ಒಳಗೆ ನೋಡಿದರೆ ಅವರೊಬ್ಬರೇ ಎಂದು ನೆರೆಯವರು ಹೇಳುತ್ತಿದ್ದುದು ಇದನ್ನೇ.

ಡಾಕ್ಟರನ್ನು ಆರಿಸುವಲ್ಲಿಯೂ ಅವರದ್ದೊಂದು ಪರೀಕ್ಷೆ ಇತ್ತು. ನನ್ನ ಜೊತೆ ಬಂದು, ಡಾಕ್ಟರಿಗೆ ಒಂದೇ ಪ್ರಶ್ನೆಯನ್ನು ಪಿಸುದನಿಯಲ್ಲಿ ಕೇಳುತ್ತಿದ್ದರು: "ನಿಮ್ಮ ಕೈಯಲ್ಲಿ ಯಾರ ದನಿಯಾದ್ರೂ ಹೋದದ್ದುಂಟಾ?" ಉಡುಪಿಯ ಡಾಕ್ಟರು ಕಂಪ್ಯೂಟರಿನಿಂದ ಮುಖ ಎತ್ತದೆ, "ಅದೆಲ್ಲ ಏನೂ ಆಗುವುದಿಲ್ಲಮ್ಮ, ಸಣ್ಣ ಆಪರೇಷನ್," ಎಂದರು. ಗುಲಾಬಿಯಕ್ಕ ಚೀಲ ಎತ್ತಿಕೊಂಡು ಎದ್ದೇಬಿಟ್ಟರು. "ಒಳ್ಳೆಯ ಡಾಕ್ಟ್ರೇ ಇರ್ಬಹುದು. ಆದ್ರೆ ಕೇಳಿದ್ದಕ್ಕೆ ಉತ್ತರ ಕೊಡ್ಲಿಲ್ಲ," ಎಂದರು ಹೊರಗೆ.

ಕಾರ್ಕಳದಲ್ಲಿ ಹಾಗಾಗಲಿಲ್ಲ. ಅಲ್ಲಿಯ ಡಾಕ್ಟರು ಗುಲಾಬಿಯಕ್ಕನನ್ನು ಕಂಡೊಡನೆ ಕುರ್ಚಿಯಿಂದ ಎದ್ದು ನಿಂತರು. ಪ್ರಶ್ನೆಯನ್ನು ತಲೆಬಗ್ಗಿಸಿ ಕೇಳಿಸಿಕೊಂಡು ನನ್ನ ಕಡೆ ತಿರುಗಿದರು. "ಉಂಟು. ಒಬ್ಬರದ್ದು ಪೂರ್ತಿ ಹೋಯಿತು. ಗಡ್ಡೆ ನರಕ್ಕೆ ಅಂಟಿಕೊಂಡಿತ್ತು, ನಾನು ಬಿಡಿಸಲಿಕ್ಕೆ ನೋಡಿದೆ, ಆಗಲಿಲ್ಲ." ಆಮೇಲೆ ಕಾಗದದ ಮೇಲೆ ಗಂಟಲಿನ ಚಿತ್ರ ಬರೆದು, ನನ್ನ ಗಡ್ಡೆ ಎಲ್ಲಿದೆ, ನರ ಎಲ್ಲಿ ಹಾಯುತ್ತದೆ ಎಂದು ತೋರಿಸಿದರು. ಬೇಕಾದರೆ ಮಣಿಪಾಲದಲ್ಲಿ ಇನ್ನೊಬ್ಬರಿಗೂ ತೋರಿಸಿಕೊಂಡು ಬನ್ನಿ, ಅವಸರ ಇಲ್ಲ ಎಂದರು. ಗುಲಾಬಿಯಕ್ಕ ಅಷ್ಟು ಹೊತ್ತೂ ತಮ್ಮ ಕಾಲ ಬೆರಳನ್ನೇ ನೋಡುತ್ತಾ ಕೂತಿದ್ದರು.

ಬಸ್ ಸ್ಟ್ಯಾಂಡಿನಲ್ಲಿ ನನಗೆ ಹೊಳೆಯಿತು. "ಆ ಒಬ್ಬರು ನೀವೇ ಅಲ್ವಾ?"

ಅವರು ಗೀರಿನ ಮೇಲೆ ಕೈಯಿಟ್ಟುಕೊಂಡರು. "ಹೌದು. ವರ್ಷಕ್ಕೊಮ್ಮೆ ನಾನು ಹೀಗೆ ಯಾರನ್ನಾದ್ರೂ ಕರ್ಕೊಂಡು ಬಂದು ಅದೇ ಪ್ರಶ್ನೆ ಕೇಳುದು. ಉಂಟು ಅಂತ ಹೇಳುವವರೆಗೆ ಅವರ ಹತ್ರ ಕರ್ಕೊಂಡು ಬರ್ತೇನೆ. ಇಲ್ಲ ಅಂತ ಹೇಳಿದ ದಿನ ಬಿಡ್ತೇನೆ."

ತಮ್ಮ ದನಿ ತೆಗೆದವರ ಎದುರಿಗೇ ನನ್ನ ಗಂಟಲನ್ನು ಒಯ್ದು ಒಡ್ಡಿದ್ದರು. ಮಣಿಪಾಲಕ್ಕೆ ಹೋಗಿ ಇನ್ನೊಬ್ಬರಿಗೆ ತೋರಿಸಿಯೂ ಬಂದೆ, ಅವರೂ ಕಾರ್ಕಳದವರು ಹೇಳಿದ್ದನ್ನೇ ಹೇಳಿದರು. ಕೊನೆಗೆ ಕಾರ್ಕಳವೇ ಎಂದು ಗಟ್ಟಿ ಮಾಡಿದೆ. ಧೈರ್ಯದಿಂದಲೋ ಗುಲಾಬಿಯಕ್ಕನ ಹೆದರಿಕೆಯಿಂದಲೋ ಈಗಲೂ ಹೇಳಲಾರೆ.

ಅಮ್ಮನಿಗೆ ಆಪರೇಷನ್ನಿನ ವಿಷಯ ಹೇಳಿರಲಿಲ್ಲ, ಹೇಳಿದರೆ ಊಟ ಬಿಡುತ್ತಿದ್ದರು. ಆಸ್ಪತ್ರೆಗೆ ನನ್ನ ಜೊತೆ ಒಡಹುಟ್ಟಿದ ಅಕ್ಕನ ಮಗಳು, ಮನೆಯಲ್ಲಿ ಅಮ್ಮನ ಜೊತೆ ಗುಲಾಬಿಯಕ್ಕ ಎಂದಾಯಿತು. ಹೊರಡುವ ಮುಂಚೆ ಅವರು ಮೊಬೈಲ್ ಹಿಡಿದು, "ದಿನಾ ಸ್ಕೂಲಿನಿಂದ ಬಂದು ಅಮ್ಮನಿಗೆ ಎಂತ ಹೇಳ್ತೀರಿ? ಅದನ್ನೇ ಹೇಳಿ," ಎಂದರು. ನಾನು ಹೇಳಿದೆ: "ಅಮ್ಮಾ, ಬಂದೆ. ಚಾ ಕುಡಿದ್ಯಾ? ಮದ್ದು ತೆಗೊಂಡ್ಯಾ?"

ಗಡ್ಡೆ ಹೋಯಿತು. ಅದು ಕೆಟ್ಟ ಗಡ್ಡೆಯಾಗಿರಲಿಲ್ಲ. ಆದರೆ ದನಿ ಏಳಲಿಲ್ಲ. ನರಕ್ಕೆ ಏನೂ ಆಗಿಲ್ಲ, ಬಾತುಕೊಂಡಿದೆ, ಸಮಯ ಕೊಡಿ ಎಂದರು ಡಾಕ್ಟರು. ಗಾಳಿಯಂಥ ಪಿಸುದನಿ ಹೊತ್ತು ಮನೆಗೆ ಬಂದೆ. ಅಮ್ಮ ಚಾವಡಿಯಲ್ಲಿ ಕೂತಿದ್ದರು. "ಅಮ್ಮಾ, ಬಂದೆ," ಎಂದೆ.

ಅಮ್ಮ ಕಾಲು ಮಡಚಿ ಗೋಡೆಗೆ ಒತ್ತಿ ಕೂತರು. "ಯಾರು? ನನ್ನ ಮಗಳು ಈಗಷ್ಟೇ ಬಂದು ಒಳಗೆ ಹೋದಳು."

ಒಳಗೆ ಗುಲಾಬಿಯಕ್ಕ ಮೊಬೈಲ್ ಹಿಡಿದು ನಿಂತಿದ್ದರು. ಅಮ್ಮ ಊಟ ಮಾಡಲೆಂದು ದಿನಾ ಸಂಜೆ ನಾನು ಬರುವ ಹೊತ್ತಿಗೆ ನನ್ನ ದನಿಯನ್ನು ಹಾಕುತ್ತಿದ್ದರಂತೆ. ಅಮ್ಮನ ಮನೆಯಲ್ಲಿ ಮಗಳು ಇದ್ದಳು. ಹೊರಗೆ ನಿಂತವಳು ಗಂಟಲಿಲ್ಲದ ಯಾರೋ. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಬಾಯಿಗೆ ಬಂದಂತೆ ಬೈದೆ, ಪಿಸುದನಿಯಲ್ಲೇ. ಅವರೂ ಪಿಸುದನಿಯಲ್ಲೇ, "ತಪ್ಪಾಯ್ತು ಟೀಚರೇ, ಅಮ್ಮ ಅನ್ನ ಮುಟ್ತಿರ್ಲಿಲ್ಲ, ಎಂತ ಮಾಡುದು," ಎಂದು ಅಳುತ್ತಿದ್ದರು. ದನಿಯಿಲ್ಲದ ಇಬ್ಬರ ಜಗಳ. ಚಾವಡಿಯಲ್ಲಿ ಅಮ್ಮ ಕಿವಿ ಮುಚ್ಚಿಕೊಂಡು ಜೋರಾಗಿ ರಾಮನಾಮ ಶುರುಮಾಡಿದರು.

ಅದನ್ನು ಕೇಳಿ ನಮ್ಮ ಜಗಳ ನಿಂತಿತು. ಗುಲಾಬಿಯಕ್ಕ ಕಣ್ಣೊರೆಸಿಕೊಂಡು ಮೊಬೈಲ್ ನನ್ನ ಮುಂದೆ ಹಿಡಿದರು. "ಒಂದು ಮನೆಯಲ್ಲಿ ಎರಡೆರಡು ಮಗಳು ಬೇಡ. ಅಳಿಸ್ತೇನೆ. ಆಗ್ಬಹುದಾ?"

ನನ್ನ ಹಳೆಯ ದನಿ ಇದ್ದದ್ದು ಅದೊಂದರಲ್ಲೇ. ಇನ್ನು ಮುಂದೆ ಅದು ಬರದೇ ಹೋದರೆ? ಅಷ್ಟು ಹೆದರಿಕೆ ನನಗೆ ಆಪರೇಷನ್ ಟೇಬಲ್ಲಿನ ಮೇಲೂ ಆಗಿರಲಿಲ್ಲ. ತಲೆಯಾಡಿಸಿದೆ. ಅವರು ಅಳಿಸಿದರು.

ಆಮೇಲೆ ಗುಲಾಬಿಯಕ್ಕ ದಿನಾ ಬಸ್ಸು ಹಿಡಿದು ಕಾಪುವಿಗೆ ಬಂದರು. ಅಮ್ಮನ ಕೈಯನ್ನು ನನ್ನ ಕುತ್ತಿಗೆಯ ಮೇಲಿಟ್ಟು, "ಇವರೇ ನಿಮ್ಮ ಮಗಳು ದೊಡ್ಡಮ್ಮಾ, ಗಂಟಲಿಗೆ ಗಾಯ ಆಗಿದೆ, ಸ್ವಲ್ಪ ಕಾಯಿರಿ," ಎನ್ನುತ್ತಿದ್ದರು. ಅಮ್ಮ ಮುಟ್ಟಿ ನೋಡಿ, "ಪಾಪ, ಒಳ್ಳೆಯ ಹುಡುಗಿ," ಎನ್ನುತ್ತಿದ್ದರು. ನನ್ನ ಮಗಳು ಎನ್ನಲಿಲ್ಲ. ಸಂಜೆಯಾದರೆ ಒಳಕೋಣೆಯ ಕಡೆ ಕಿವಿಯಿಟ್ಟು ಆ ಇನ್ನೊಬ್ಬಳನ್ನು ಕಾಯುತ್ತಿದ್ದರು. ಆ ಖಾಲಿ ಕೋಣೆಗೆ ಹೋಗಲು ನನಗೇ ಅಂಜಿಕೆಯಾಗತೊಡಗಿತ್ತು.

ಒಂದು ಬೆಳಿಗ್ಗೆ ಬೆಕ್ಕು ನಾನು ಕೊಯ್ಯುತ್ತಿದ್ದ ಬಂಗುಡೆಯೊಂದನ್ನು ಕಚ್ಚಿಕೊಂಡು ಓಡಿತು. ನಾನು ಯೋಚಿಸದೆ ಕೂಗಿದೆ. ದನಿ ಒಡೆದಿತ್ತು, ಆದರೆ ದನಿಯೇ ಅದು. ಚಾವಡಿಯಿಂದ ಅಮ್ಮ ಕೇಳಿದರು, "ಬಂದ್ಯಾ ಮಗಾ? ಎಷ್ಟು ದಿನ ಆಯ್ತು!" ನಾನು ಮೀನಿನ ಕೈಯಲ್ಲೇ ಓಡಿಹೋಗಿ ಅಮ್ಮನನ್ನು ತಬ್ಬಿಕೊಂಡೆ. ಬಾಗಿಲಲ್ಲಿ ಗುಲಾಬಿಯಕ್ಕ ಯಾವಾಗ ಬಂದು ನಿಂತಿದ್ದರೋ, ಸದ್ದಿಲ್ಲದೆ ನಗುತ್ತಿದ್ದರು.

ಹೋದ ವರ್ಷ ಗುಲಾಬಿಯಕ್ಕ ಮಧ್ಯಾಹ್ನ ಮಲಗಿದವರು ಏಳಲಿಲ್ಲ. ಹೃದಯ ನಿಂತಿತ್ತು. ಅಂದು ಮನೆಗೆ ಬಂದಿದ್ದ ಅವರ ಮಗಳು ಒಂದೆರಡು ಸಲ ಕರೆದು, ಅಮ್ಮ ಎಂದಾದರೂ ಓಗೊಡುವುದುಂಟೇ ಎಂದು ತನ್ನ ಕೆಲಸಕ್ಕೆ ಹೋಗಿದ್ದಳಂತೆ. ಅದನ್ನು ಹೇಳಿ ಹೇಳಿ ಅತ್ತಳು. ಆ ಮೊಬೈಲ್ ಈಗ ಅವಳ ಬಳಿ ಇದೆ. ಚಾರ್ಜಿಗೆ ಹಾಕುವುದಿಲ್ಲ.

ಬೊಜ್ಜದ ದಿನ, ಅಂದರೆ ಉತ್ತರಕ್ರಿಯೆಯ ದಿನ, ತೀರಿಕೊಂಡವರನ್ನು ಒಳಗೆ ಕರೆಯುವ ಕ್ರಮವೊಂದು ನಮ್ಮಲ್ಲಿದೆ. ಒಳಗೆ ಎಲೆಯಲ್ಲಿ ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿಟ್ಟು, ಮುಸ್ಸಂಜೆಗೆ ಮನೆಯವರು ಹೊಸ್ತಿಲ ಬಳಿ ಹೊರಗಿನ ಕಡೆ ಮುಖಮಾಡಿ ಮೂರು ಸಲ ಕರೆಯಬೇಕು. ಮಗಳು "ಅಮ್ಮಾ" ಎಂದಳು. ಮುಂದೆ ದನಿ ಹೊರಡಲಿಲ್ಲ. ಹಿಂದೆ ತಿರುಗಿ ಹೆಂಗಸರ ನಡುವೆ ನನ್ನನ್ನು ಹುಡುಕಿದಳು. "ಟೀಚರೇ, ನೀವು ಕರೀರಿ. ಅಮ್ಮ ಕಾದುಕೊಟ್ಟ ಗಂಟಲು ಅಲ್ವಾ ಅದು?" ಮನೆಯ ಹಿರಿಯರೂ ಆಗಬಹುದೆಂದು ತಲೆಯಾಡಿಸಿದರು.

ನಾನು ಹೊಸ್ತಿಲಿಗೆ ಬಂದು ನಿಂತೆ. ಅಂಗಳ ಕಪ್ಪಾಗುತ್ತಿತ್ತು. ಮೂರು ಕ್ಲಾಸಿಗೆ ಕೇಳುವ ನನ್ನ ದನಿಯನ್ನೆಲ್ಲ ಒಟ್ಟುಮಾಡಿ ಕರೆದೆ. "ಗುಲಾಬಿಯಕ್ಕಾ." ಎರಡನೆಯ ಸಲ ಕರೆದೆ. ಮೂರನೆಯ ಸಲವೂ ಕರೆದೆ. ಯಾರೂ ಓ ಎನ್ನಲಿಲ್ಲ. ಕಾಗೆಯೂ ಕೂಗಲಿಲ್ಲ, ಎಲೆಯೂ ಅಲ್ಲಾಡಲಿಲ್ಲ. ಹಿಂದಿದ್ದವರು, ಬರಲಿಲ್ಲವೇನೋ ಎಂದು ಗುಸುಗುಸು ಮಾತಾಡಿಕೊಂಡರು.

ಅವರಿಗೇನು ಗೊತ್ತು. ಮೊಣಕೈಯ ಹತ್ತಿರ ನನಗೆ ತಣ್ಣಗಾಯಿತು. ಈ ಸಲ ನಾನು ಬೆಚ್ಚಲಿಲ್ಲ, ಹಿಂದೆ ತಿರುಗಿಯೂ ನೋಡಲಿಲ್ಲ. ಅವರು ನನ್ನೊಡನೆ ಮಾತಾಡುತ್ತಿದ್ದ ಹಾಗೆಯೇ, ಪಿಸುದನಿಯಲ್ಲಿ, ಕನ್ನಡದಲ್ಲಿ ಹೇಳಿದೆ: "ಒಳಗೆ ಹೋಗಿ ಗುಲಾಬಿಯಕ್ಕ. ಬಡಿಸಿ ಇಟ್ಟಿದ್ದಾರೆ."