ರಾಜೇಶ್ವರದ ಕೆರೆಯಂಚಿನ ಜೇಕು

ಹುಮನಾಬಾದ್ ಬಸ್ ನಿಲ್ದಾಣದ ಬಳಿ ಚುರುಮುರಿಯ ಸುಸಲಾ, ಮಿರ್ಚಿ ತಿಂದು ನಾನೂ ಕಾಕಾನೂ ಬಸವಕಲ್ಯಾಣದ ಬಸ್ಸು ಹತ್ತಿದೆವು. ಹೆಣ್ಣುಮಗಳೆಂದು ನನ್ನ ಟಿಕೆಟ್ ಪುಕ್ಕಟೆ, ಕಾಕಾರದ್ದಕ್ಕೆ ದುಡ್ಡು. "ಹುಡುಕೋ ಹುಲ್ಲೂ ನಿಮ್ಮದು, ಖರ್ಚೂ ನಿಮ್ಮದು" ಎಂದು ಚುಡಾಯಿಸಿದೆ. ಅವರು ನಗಲಿಲ್ಲ.

ಕಾಕಾ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದವರು. ನಾನು ಹೊಲಿಗೆ ಅಂಗಡಿಯವಳು. ರಾಜೇಶ್ವರದ ಹತ್ತಿರದ ಕೆರೆಯಂಚಿನಲ್ಲಿ ಅವರು ಹಿಂದೊಮ್ಮೆ ಒಂದು ಜೇಕು ಕಂಡಿದ್ದರು. ನೋಡಲು ಹುಲ್ಲಿನಂತಿದ್ದರೂ ಜೇಕು ಹುಲ್ಲಲ್ಲವಂತೆ. ಇದು ಬಲು ಅಪರೂಪದ ಜಾತಿ ಎಂಬುದು ಅವರ ನಂಬಿಕೆ. ತಜ್ಞರು ಮಾತ್ರ, ಮಾಗಿದ ಕಾಳಿಲ್ಲದೆ ಹೇಳಲಾಗದು, ಸಾಮಾನ್ಯ ಜೇಕೇ ಇರಬೇಕು ಎಂದು ಕೈತೊಳೆದುಕೊಂಡಿದ್ದರು. ಆಮೇಲೆ ಕಾಕಾರ ಕಣ್ಣು ಮಂಜಾಯಿತು. ಈಗ ನೋಡಬೇಕಾದವಳು ನಾನು.

ಏನು ನೋಡಬೇಕೆಂದು ದಾರಿಯುದ್ದಕ್ಕೂ ಕೇಳಿದೆ. "ಅದನ್ನ ಹೇಳಂಗಿಲ್ಲ. ಹೇಳಿದ್ರ ನಿನಗ ಅದೇ ಕಾಣಸ್ತದ" ಎಂದರು. ನನಗೆ ಸಿಟ್ಟೇ ಬಂತು.

ರಾಜೇಶ್ವರದಲ್ಲಿಳಿದು ಆಟೋ ಹಿಡಿದೆವು. ತೊಗರಿ ಹೂಬಿಟ್ಟಿತ್ತು, ಬಿಸಿಲು ಹಿತವಾಗಿತ್ತು. ಕೆರೆಗೆ ಬಂದರೆ ಎಮ್ಮೆಗಳು ದಡವನ್ನೆಲ್ಲ ಮೇದು ಬೋಳು ಮಾಡಿದ್ದವು. ಆದರೂ ಹುಡುಕಲು ಇಳಿದೆವು. ಕೆಸರಲ್ಲಿ ಬಗ್ಗಿ ನಡೆಯುತ್ತಿದ್ದ ನಮ್ಮನ್ನು ಕಂಡು ಎಮ್ಮೆ ಕಾಯುವ ಹೆಂಗಸೊಬ್ಬಳು ಬಂದಳು.

"ಏನ್ ಹುಡಕಾಕತ್ತೀರಿ? ಬಂಗಾರ ಬಿದ್ದದೇನ್ರಿ?"

"ಜೇಕು, ತಾಯಿ" ಎಂದರು ಕಾಕಾ.

"ಜೇಕಿನ ಸಲುವಾಗಿ ಬಸ್ ಹತ್ತಿ ಬಂದೀರಾ!" ಎಂದು ಬಾಯಿಗೆ ಸೆರಗು ಹಿಡಿದು ನಕ್ಕಳು.

ಜಾಲಿಕಂಟಿಯ ಬುಡದಲ್ಲಿ, ಎಮ್ಮೆಯ ಮೂತಿ ತೂರದ ಕಡೆ, ಜೇಕಿನ ಒಂದು ಗುಂಪು ಉಳಿದಿತ್ತು. ಕಾಕಾ ದಂಟನ್ನು ಬೆರಳುಗಳ ನಡುವೆ ಹೊರಳಿಸಿ, "ಮೂರು ಮೂಲಿ ಅವ, ಹುಲ್ಲಿನ ದಂಟಾದ್ರ ದುಂಡಗಿರ್ತದ. ಜೇಕಂತೂ ಖರೆ" ಎಂದರು. ತೆನೆ ತಿಕ್ಕಿ ನನ್ನ ಅಂಗೈಗೆ ಕಾಳು ಉದುರಿಸಿ, ಭೂತಗನ್ನಡಿ ಕೊಟ್ಟರು.

"ನುಣ್ಣಗದ ಕಾಕಾ" ಎಂದೆ. ಅವರ ಮುಖ ಬಾಡಿತು. ಮತ್ತೆ ತೆನೆ ಮುಟ್ಟಿ ನೋಡಿ, "ಬಣ್ಣ?" ಎಂದರು.

"ಬಿಳಿ."

"ಅಂದ್ರ ಎಳೀದು. ಕಂದು ಬಣ್ಣದ್ದು ಹುಡುಕು."

ಒಂದು ಸಿಕ್ಕಿತು. ನೋಡಿ ಬಾಯಿ ತೆರೆಯುವಷ್ಟರಲ್ಲಿ ಕಾಕಾ ತಡೆದು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. "ನೀ ಹೇಳಬ್ಯಾಡ. ನುಣ್ಣಗಿರಬಾರದು ಅಂತ ಈಗ ನಿನಗ ಗೊತ್ತಾಗ್ಯದ. ನನ್ನ ಮ್ಯಾಲಿನ ಪ್ರೀತಿಗೆ ಇಲ್ಲದ್ದೂ ಕಂಡೀತು." ಹಾಗೆಂದು ಕನ್ನಡಿಯನ್ನು ಆ ಹೆಂಗಸಿಗೆ ಕೊಡಿಸಿದರು. ನನಗೆ ಬೇಜಾರಾಯಿತು, ನಿಜ ಹೇಳುತ್ತೇನೆ.

ಆಕೆ ಒಂದು ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು ನೋಡಿದಳು. "ಅಯ್ಯ, ಅಡ್ಡಡ್ಡ ಗೆರಿ ಅವ ನೋಡ್ರಿ! ಮ್ಯಾಲಿಂದ ಕೆಳಗಿನತನ, ಸಾಲಾಗಿ."

ಕಾಕಾ ಕೆಸರಲ್ಲೇ ಕೂತುಬಿಟ್ಟರು. "ಅದೇ, ತಾಯಿ. ಅದೇ ಅದು!" ಕಣ್ಣಲ್ಲಿ ನೀರು. ನನ್ನ ಮುನಿಸು ಮರೆತು ನಾನೂ ಅವರ ಪಕ್ಕದಲ್ಲಿ ಕೂತೆ.

"ನಾ ಏನರೆ ತಪ್ಪು ಹೇಳಿದ್ನೇನ್ರಿ?" ಎಂದು ಹೆಂಗಸು ಗಾಬರಿಯಾದಳು. ಸಾಮಾನ್ಯ ಜೇಕಿನ ಕಾಳಿಗೆ ಆ ಗೆರೆ ಇರದೆಂಬ ಸಂಗತಿ ತಿಳಿದ ಮೇಲೆ ಮುಳ್ಳಿನ ಟೊಂಗೆಯೊಂದನ್ನು ಎಳೆದು ಜೇಕಿಗೆ ಅಡ್ಡ ಹಾಕಿದಳು. "ಎಮ್ಮಿ ಇತ್ತಾಗ ಬರಂಗಿಲ್ಲ ಬಿಡ್ರಿ." ತಜ್ಞರಿಗೆ ಕಳಿಸಲು ಬೇಕಾದಷ್ಟೇ ತೆನೆ ಕೊಯ್ದುಕೊಂಡೆವು, ಉಳಿದದ್ದು ಅಲ್ಲೇ ಬೀಜ ಉದುರಿಸಲಿ ಎಂದು ಬಿಟ್ಟೆವು.

ಮರಳುವ ಬಸ್ಸಿನಲ್ಲಿ ಕಾಕಾ ಮೊಣಕೈಯಿಂದ ತಿವಿದರು. "ಈಗ ಹೇಳು. ನಿನಗ ಏನ್ ಕಂಡ್ತು?"

ಹೇಳಿದೆ. ಲಂಗದ ಸೊಂಟಕ್ಕೆ ದಾರ ಜಗ್ಗಿದಾಗ ಬಟ್ಟೆ ಸುಕ್ಕುಗಟ್ಟುತ್ತದಲ್ಲ, ಹಾಗೆ ಗೆರೆಗಳು. ಅಂಚಿನಲ್ಲಿ ತುಸು ಹೊಳಪು. ತುದಿಗೆ ಸಣ್ಣ ಮೊನೆ. ಕಾಕಾ ಕಣ್ಣು ಮುಚ್ಚಿ ಕೇಳಿದರು. "ಇನ್ನೊಮ್ಮೆ ಹೇಳು" ಎಂದರು. ಹುಮನಾಬಾದ್ ಬರುವತನಕ ಹೇಳುತ್ತಲೇ ಇದ್ದೆ.