ನೂರಿಪ್ಪತ್ತೈದರ ಹಗೆ

ಮಧುಗಿರಿಯ ಒಬ್ಬ ಡಾಕ್ಟರ ಮೇಲೆ ನಾನು ಎರಡು ವರ್ಷ ಹಗೆ ಸಾಧಿಸಿದೆ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಇದು ನನ್ನ ದೊಡ್ಡತನವೇನಲ್ಲ. ಬರೆದರೆ ಅದರಿಂದಲೂ ಅವರಿಗೆ ಒಂದಿಷ್ಟು ಪ್ರಚಾರ ಸಿಕ್ಕೀತಲ್ಲ ಎಂಬ ಹೊಟ್ಟೆಕಿಚ್ಚು. 'ಅವರು' ಎಂದು ಬಹುವಚನ ಹಾಕುತ್ತಿರುವುದು ಕೂಡ ಪಾಠ ಹೇಳುವವಳ ಅಭ್ಯಾಸಬಲ, ಗೌರವ ಅಂದುಕೊಳ್ಳಬೇಡಿ.

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಮನೆ ಮಧುಗಿರಿ, ಶಾಲೆ ಶಿರಾ ಕಡೆ, ದಿನಾ ಬಸ್ಸು. ನಲವತ್ತು ದಾಟಿದ ಮೇಲೆ ಮೈ ನನ್ನ ಮಾತು ಕೇಳುವುದನ್ನು ಬಿಟ್ಟಿತು. ಬಸ್ಸಿನಲ್ಲಿ ನಿಂತೇ ತೂಕಡಿಕೆ, ಮುಖ ಊತ, ಗಂಟಲು ಗೊಗ್ಗರು. ಮಕ್ಕಳನ್ನು ಸಿದ್ದರಬೆಟ್ಟಕ್ಕೆ ಕರೆದುಕೊಂಡು ಹೋದಾಗ ಹತ್ತಲಾಗದೆ ಕೆಳಗಿನ ಮೆಟ್ಟಿಲ ಮೇಲೆ ಕೂತವಳು ಅಲ್ಲೇ ನಿದ್ದೆ ಹೋಗಿದ್ದೆ. ಅದಕ್ಕೆ ನಾನು ಹೆದರಲಿಲ್ಲ. ಒಂದು ದಿನ ಕಪ್ಪುಹಲಗೆಯ ಮುಂದೆ, ಹದಿನೆಂಟು ವರ್ಷದಿಂದ ಮಾಡುತ್ತಿದ್ದ ಲೆಕ್ಕದ ಮುಂದಿನ ಹಂತ ಏನೆಂದು ಮರೆತು ನಿಂತೆ. ಆಗ ಹೆದರಿದೆ.

ಥೈರಾಯ್ಡ್ ಎಂದರು ಡಾಕ್ಟರು. ಐವತ್ತು ಮೈಕ್ರೋಗ್ರಾಮಿನ ಮಾತ್ರೆಯಿಂದ ಶುರುಮಾಡಿ ಒಂದೂವರೆ ತಿಂಗಳಿಗೊಮ್ಮೆ ರಕ್ತ ನೋಡಿ ಎಪ್ಪತ್ತೈದು, ನೂರು, ನೂರಿಪ್ಪತ್ತೈದು ಎಂದು ಏರಿಸಿದರು. ರಕ್ತದಲ್ಲಿ ಅವರು ನೋಡುವ ಈ ಟಿ.ಎಸ್.ಎಚ್. ಎಂಬುದು ತಿರುಗುಮುರುಗಾದ ಲೆಕ್ಕ. ಮೈಗೆ ಹಾರ್ಮೋನು ಸಾಲದೆ ಹೋದಷ್ಟೂ ಅದು ಮೇಲೇರುತ್ತದೆ. ಐದರೊಳಗೆ ಇರಬೇಕಾದದ್ದು ನನಗೆ ಮೊದಲು ಹದಿನೆಂಟು ಇತ್ತು. ನೂರಿಪ್ಪತ್ತೈದು ನುಂಗಿದ ಮೇಲೂ ಹದಿನಾಲ್ಕು. ನಾನು ನೂರೈವತ್ತು ಬರೆದುಕೊಡಿ ಎಂದು ಕೇಳಿದೆ.

ಅವರ ಕೋಣೆಗೂ ಹೊರಗಿನ ಬೆಂಚುಗಳಿಗೂ ನಡುವೆ ಇದ್ದದ್ದು ಒಂದು ಬಟ್ಟೆಯ ಪರದೆ.

"ನಿಮ್ಮ ತೂಕಕ್ಕೆ ನೂರಿಪ್ಪತ್ತೈದೇ ಜಾಸ್ತಿ. ಅದನ್ನ ನುಂಗೋರಿಗೆ ಈ ರಿಪೋರ್ಟ್ ಬರೋಕೆ ಸಾಧ್ಯಾನೇ ಇಲ್ಲ," ಎಂದರು. "ನೀವು ಮಾತ್ರೆ ತಗೊಳ್ತಾ ಇಲ್ಲ."

"ದಿನಾ ತಗೊಳ್ತೀನಿ ಸಾರ್."

"ಖಾಲಿ ಹೊಟ್ಟೇಲಿ?"

"ಖಾಲಿ ಹೊಟ್ಟೇಲೇ."

"ಟೀಚರ್ ಆಗಿ ಸುಳ್ಳು ಹೇಳ್ತೀರಲ್ರೀ. ಇನ್ನು ಮಕ್ಕಳಿಗೇನು ಕಲಿಸ್ತೀರಿ?"

ಇಷ್ಟನ್ನೂ ಅವರು ಗಟ್ಟಿ ದನಿಯಲ್ಲೇ ಹೇಳಿದರು. ಪರದೆ ಸರಿಸಿ ಹೊರಗೆ ಬಂದಾಗ ಬೆಂಚಿನ ಮೇಲಿದ್ದ ನನ್ನ ಪರಿಚಯದ ಹೆಂಗಸು, ಒಂಬತ್ತನೇ ಕ್ಲಾಸಿನ ಹುಡುಗಿಯ ತಾಯಿ, ನನ್ನ ಮುಖ ನೋಡದೆ ಸೀರೆ ಸೆರಗು ಸರಿಮಾಡಿಕೊಂಡಳು. ನನ್ನ ಮಾನ ಅಲ್ಲೇ ಬೀದಿಗೆ ಬಿತ್ತು. ಕಾಯಿಲೆ ವಾಸಿಯಾದರೆ ಆಯಿತು, ಇಲ್ಲದಿದ್ದರೆ ಇಲ್ಲ. ನನಗೆ ಬೇಕಾದದ್ದು ಒಂದೇ: ಅದೇ ಕೋಣೆಯಲ್ಲಿ, ಅದೇ ಗಟ್ಟಿ ದನಿಯಲ್ಲಿ, ನೀವು ಸುಳ್ಳು ಹೇಳಿರಲಿಲ್ಲ ಎಂದು ಆ ಮನುಷ್ಯ ಹೇಳಬೇಕು. ಹೇಳಿಸದೆ ಬಿಡುವುದಿಲ್ಲ ಎಂದು ಹಲ್ಲು ಕಚ್ಚಿ ಮನೆಗೆ ಬಂದೆ.

ಮಾರನೆಯ ಬೆಳಿಗ್ಗೆಯಿಂದ ಸಾಕ್ಷಿ ಕೂಡಿಹಾಕತೊಡಗಿದೆ. ಗಂಡನನ್ನು ಎದುರಿಗೆ ಕೂರಿಸಿಕೊಂಡು ಮಾತ್ರೆ ನುಂಗಿದೆ. ಖಾಲಿಯಾದ ಪ್ರತಿ ಶೀಟಿನ ಮೇಲೂ ತಾರೀಖು ಬರೆದೆ. "ಕೋರ್ಟಿಗೆ ಹೋಗ್ತೀಯೇನೆ?" ಎಂದು ಗಂಡ ನಕ್ಕ. ಒಂದೂವರೆ ತಿಂಗಳಾದ ಮೇಲೆ ಶೀಟುಗಳನ್ನೂ ಗಂಡನನ್ನೂ ತೆಗೆದುಕೊಂಡು ಹೋಗಿ ಮೇಜಿನ ಮುಂದೆ ಹಾಜರುಪಡಿಸಿದೆ. ಡಾಕ್ಟರು ಶೀಟುಗಳನ್ನು ಪೆನ್ನಿನ ತುದಿಯಿಂದ ಪಕ್ಕಕ್ಕೆ ತಳ್ಳಿದರು.

"ಶೀಟು ಖಾಲಿ ಮಾಡೋದು ಏನು ಕಷ್ಟ ಮೇಡಂ? ಇನ್ನು ಯಜಮಾನರು ಹೆಂಡ್ತಿ ಪರ ಹೇಳ್ದೆ ಇನ್ಯಾರ ಪರ ಹೇಳ್ತಾರೆ?"

ಆ ಸಲ ರಿಪೋರ್ಟು ಹದಿನೈದು. ಡೋಸು ಏರಿಸಲಿಲ್ಲ. ಮಾತ್ರೆ ನುಂಗದವರಿಗೆ ಡೋಸು ಏರಿಸಿ ಏನು ಪ್ರಯೋಜನ ಎಂದರು.

ಆಮೇಲೆ ನನ್ನ ತಲೆಯಲ್ಲಿ ಬೇರೆ ಏನೂ ಉಳಿಯಲಿಲ್ಲ. ಆ ಮನುಷ್ಯನಿಗೂ ಇದೇ ಕಾಯಿಲೆ ಬರಲಿ, ಅವರ ಮಾತನ್ನೂ ಯಾರೂ ನಂಬದಿರಲಿ ಎಂದು ದೀಪ ಹಚ್ಚುವಾಗಲೂ ಬೇಡಿಕೊಂಡಿದ್ದೇನೆ. ತರಗತಿಯಲ್ಲಿ ಲೆಕ್ಕ ಕೊಡುತ್ತಿದ್ದೆ: ಒಬ್ಬ ಡಾಕ್ಟರು ಗಂಟೆಗೆ ಹನ್ನೆರಡು ರೋಗಿಗಳನ್ನು ನೋಡಿದರೆ ಒಬ್ಬೊಬ್ಬರ ಮಾತನ್ನು ಎಷ್ಟು ನಿಮಿಷ ಕೇಳುತ್ತಾರೆ? ಮಕ್ಕಳು ಐದು ನಿಮಿಷ ಎನ್ನುತ್ತಿದ್ದರು. ತಪ್ಪು, ಕೇಳುವುದೇ ಇಲ್ಲ ಎಂದು ಗೊಗ್ಗರು ದನಿಯಲ್ಲಿ ಹೇಳುತ್ತಿದ್ದೆ. ಮಕ್ಕಳು ಮುಖ ಮುಖ ನೋಡಿಕೊಳ್ಳುತ್ತಿದ್ದರು.

ಅವರ ಲ್ಯಾಬಿನ ರಿಪೋರ್ಟೇ ಸುಳ್ಳಿರಬಹುದು ಎಂಬ ಅನುಮಾನ ಹುಟ್ಟಿ, ಶಿರಾದ ಒಂದು ಲ್ಯಾಬಿಗೆ ಹೋದೆ. ರಕ್ತ ತೆಗೆಯಲು ನನಗಿಂತ ಹಿರಿಯ ಸಾಬರ ಹೆಂಗಸೊಬ್ಬರು ಬಂದರು. ತೋಳಿಗೆ ರಬ್ಬರು ಬಿಗಿಯುತ್ತ ಕೇಳಿದರು.

"ಏನಾದ್ರೂ ತಿಂದ್ರಾ ಮೇಡಂ?"

"ಇಲ್ಲ, ಖಾಲಿ ಹೊಟ್ಟೆ."

"ಏನಾದ್ರೂ ಕುಡಿದ್ರಾ?"

"ಒಂದು ಲೋಟ ಅಂಬಲಿ. ಮಾತ್ರೆ ನುಂಗೋದಕ್ಕೆ."

ಅವರ ಕೈಯಲ್ಲಿದ್ದ ಸೂಜಿ ಹಾಗೇ ನಿಂತಿತು. "ಥೈರಾಯ್ಡ್ ಮಾತ್ರೆ ಅಂಬಲೀಲಿ ನುಂಗ್ತೀರಾ? ದಿನಾನೂ?"

"ದಿನಾನೂ. ಖಾಲಿ ಹೊಟ್ಟೇಲೇ."

"ಅಯ್ಯೋ ಅಲ್ಲಾ! ನೀವು ಖಾಲಿ ಹೊಟ್ಟೆ ಅಂತೀರಿ. ನಾವು ನಿಹಾರ್ ಮೂ ಅಂತೀವಿ, ಅಂದ್ರೆ ಖಾಲಿ ಬಾಯಿ. ಹೊಟ್ಟೆ ಅಲ್ಲ ಮೇಡಂ, ಬಾಯೇ ಖಾಲಿ ಇರ್ಬೇಕು. ನೀರು ಬಿಟ್ಟು ಏನೂ ಮುಟ್ಟಂಗಿಲ್ಲ, ಒಂದು ಗಂಟೆ. ರಾಗೀಲಿ, ಮಜ್ಜಿಗೇಲಿ ಕ್ಯಾಲ್ಸಿಯಂ ಐತಲ್ಲ, ಅದು ಮಾತ್ರೇನ ಹಿಡ್ಕಂಡು ಕೂತ್ಕಂಬಿಡ್ತದೆ. ಮೈಗೆ ಸೇರೋಕೇ ಬಿಡಲ್ಲ."

ನಮ್ಮ ಕಡೆ ತಿನ್ನುವುದು ಬೇರೆ, ಕುಡಿಯುವುದು ಬೇರೆ. ತಿಂಡಿ ಆಯಿತೇ ಎಂದು ಕೇಳಿದರೆ, ಮಜ್ಜಿಗೆ ಬೆರೆಸಿದ ರಾಗಿ ಅಂಬಲಿಯನ್ನು ಎರಡು ಲೋಟ ಕುಡಿದವರೂ ಇನ್ನೂ ಇಲ್ಲ, ಖಾಲಿ ಹೊಟ್ಟೆ ಎಂದೇ ಹೇಳುತ್ತಾರೆ. ಅದು ಸುಳ್ಳಲ್ಲ. ಇನ್ನು ಮಾತ್ರೆಯನ್ನು ಅಂಬಲಿಯಲ್ಲಿ ನುಂಗುವುದನ್ನು ನನಗೆ ಕಲಿಸಿದವಳು ಐ.ಡಿ.ಹಳ್ಳಿಯ ನನ್ನ ಚಿಕ್ಕಮ್ಮ, ತಾಯಿ ಹೋದ ಮೇಲೆ ನನ್ನನ್ನು ಸಾಕಿದವಳು. "ಇಂಗ್ಲೀಸು ಮಾತ್ರೆ ಹೀಟು ಕಣಮ್ಮ, ಬರೇ ನೀರಾಗೆ ನುಂಗಿದ್ರೆ ಕರುಳು ಬೆಂದೋಯ್ತವೆ, ತಂಪಿಗೆ ಅಂಬ್ಲಿ ಕುಡ್ಕೊ" ಎಂದು ನಾನು ಜ್ವರದ ಮಾತ್ರೆ ನುಂಗುವ ವಯಸ್ಸಿನಿಂದ ಹೇಳಿಕೊಟ್ಟಿದ್ದಳು. ಅವಳಿಗೂ ಥೈರಾಯ್ಡ್ ಇದೆ, ಅವಳೂ ಹಾಗೇ ನುಂಗುತ್ತಿದ್ದಳು.

ನಿಜ ತಿಳಿದ ಮೇಲೆ ನನ್ನ ಸಿಟ್ಟು ಇಳಿಯಬೇಕಿತ್ತು. ಇಮ್ಮಡಿಯಾಯಿತು. ಡೋಸು ಏರಿಸದೆ ಇದ್ದದ್ದರಲ್ಲಿ ಡಾಕ್ಟರು ಸರಿ, ಸುಳ್ಳು ಹೇಳಲಿಲ್ಲ ಎಂದದ್ದರಲ್ಲಿ ನಾನು ಸರಿ. ಪೂರಾ ತಪ್ಪಾದ ಶತ್ರುವನ್ನು ಕ್ಷಮಿಸಿಬಿಡಬಹುದು, ಅರ್ಧ ಸರಿಯಾದವನನ್ನು ಹೇಗೆ ಕ್ಷಮಿಸುವುದು? ರಾಗಿಯ ಸೀಮೆಯಲ್ಲಿ ಅಷ್ಟು ವರ್ಷ ಕುರ್ಚಿ ಹಾಕಿಕೊಂಡು ಕೂತ ಮನುಷ್ಯನಿಗೆ, ಬೆಳಿಗ್ಗೆ ಏನಮ್ಮಾ ಕುಡೀತೀರಿ ಎಂದು ಒಂದು ಸಲ ಕೇಳಲು ಬಾಯಿ ಬರಲಿಲ್ಲ.

ಅಂಬಲಿಯನ್ನು ಒಂದು ಗಂಟೆ ಮುಂದೂಡಿದೆ. ಒಂದು ತಿಂಗಳಲ್ಲೇ ಗಂಟಲು ತಿಳಿಯಾಯಿತು, ಬಸ್ಸಿನ ನಿದ್ದೆ ಹೋಯಿತು. ಆಮೇಲೆ ಬೇರೆ ಆಟ ಶುರುವಾಯಿತು. ಇಷ್ಟು ದಿನ ಮೈಗೆ ಸೇರದೆ ಇದ್ದ ನೂರಿಪ್ಪತ್ತೈದೂ ಈಗ ಪೂರ್ತಿ ಸೇರುತ್ತಿತ್ತಲ್ಲ, ಕೈಯಲ್ಲಿ ಸೀಮೆಸುಣ್ಣ ನಡುಗತೊಡಗಿತು, ಸುಮ್ಮನೆ ಕೂತಾಗಲೂ ಎದೆ ಡವಡವ. ಶಿರಾದಾಕೆ ರಿಪೋರ್ಟು ಕೈಗಿಟ್ಟು, "ಟಿ.ಎಸ್.ಎಚ್. ತೀರಾ ಕೆಳಗೆ ಹೋಗೈತೆ ಮೇಡಂ, ಜಲ್ದಿ ಡಾಕ್ಟ್ರಿಗೆ ತೋರಿಸಿ, ಅಂಬಲಿ ವಿಷಯಾನೂ ಹೇಳಿ" ಎಂದರು.

ತೋರಿಸಿದೆ. ಡಾಕ್ಟರ ಮುಖ ಅರಳಿತು.

"ನೋಡಿದ್ರಾ? ಈಗ ನಿಜವಾಗ್ಲೂ ನುಂಗ್ತಾ ಇದ್ದೀರಿ. ಮಾತಲ್ಲಿ ಸುಳ್ಳು ಹೇಳಬಹುದು, ರಕ್ತದಲ್ಲಿ ಹೇಳೋಕಾಗಲ್ಲ," ಎಂದು ಎಪ್ಪತ್ತೈದು ಬರೆದರು.

ಅಂಬಲಿಯ ಮಾತು ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಹಾಳಾಗಿ ಹೋಗಲಿ, ಈ ಒಂದು ವಿಷಯವನ್ನು ಈ ಮನುಷ್ಯನಿಗೆ ನಾನು ಸತ್ತರೂ ಹೇಳುವುದಿಲ್ಲ, ಇನ್ನು ಮುಂದೆ ಬರೆಯುವ ಒಂದೊಂದು ಚೀಟಿಯೂ ತಪ್ಪಾಗಲಿ ಎಂದುಕೊಂಡೆ. ಪರದೆಯಾಚೆ ಚೀಟಿಗಾಗಿ ಕಾಯುತ್ತಿದ್ದವರು ನಮ್ಮ ಕಡೆಯ ಹೆಂಗಸರೇ ಎಂಬುದು ಆಗ ನನ್ನ ತಲೆಗೆ ಹತ್ತಲಿಲ್ಲ. ಸೇಡಿನ ರುಚಿ ಅಷ್ಟು ಚೆನ್ನಾಗಿತ್ತು. ಎಪ್ಪತ್ತೈದಕ್ಕೆ ನಾನು ಸರಿಹೋದೆ.

ಕೆಲವು ತಿಂಗಳ ಮೇಲೆ ಐ.ಡಿ.ಹಳ್ಳಿಗೆ ಹೋದಾಗ ಚಿಕ್ಕಮ್ಮನ ಮಾತ್ರೆ ಡಬ್ಬಿ ನೋಡಿದೆ. ನೂರೈವತ್ತು. ಅದೇ ಡಾಕ್ಟರು. ನನಗೆ ಕೊಡದೆ ಇದ್ದದ್ದನ್ನು ಅವಳಿಗೆ ಕೊಟ್ಟಿದ್ದರು, ಏಕೆಂದರೆ ಅವಳು ಎದುರು ಮಾತಾಡುವವಳಲ್ಲ. ಅವಳನ್ನು ಕೂರಿಸಿಕೊಂಡು ಎಲ್ಲ ಹೇಳಿದೆ.

"ಬರೇ ನೀರಾಗಾ? ಹೀಟಾಗಲ್ವೇನಮ್ಮ?" ಎಂದಳು.

"ಆಗಲ್ಲ. ಒಂದು ಗಂಟೆ ಏನೂ ಕುಡೀಬೇಡ. ಒಂದೂವರೆ ತಿಂಗಳಿಗೆ ಹೋಗಿ ರಕ್ತ ಕೊಡು. ಆದ್ರೆ ಅಂಬಲಿ ವಿಷಯ ಆ ಡಾಕ್ಟ್ರಿಗೆ ಮಾತ್ರ ಹೇಳ್ಬೇಡ. ಏನು ಬದಲಾಯ್ತು ಅಂತ ಕೇಳಿದ್ರೆ ಏನೂ ಇಲ್ಲ ಅನ್ನು."

"ಯಾಕಂಗೆ?"

"ತಲೆ ಕೆಟ್ಟು ಹೋಗ್ಲಿ ಆ ಮನುಷ್ಯಂಗೆ."

ಅವಳು ನಕ್ಕಳು. ನಾನೂ ನಕ್ಕೆ. ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಅಂಬಲಿ ನಿಂತರೆ ಆ ಡೋಸು ಅತಿಯಾಗುತ್ತದೆ ಎಂದು ನನಗೆ ಗೊತ್ತಿತ್ತು. ನನ್ನ ಕೈಯೇ ನಡುಗಿತ್ತು. ಆದರೂ ಅವಳ ರಿಪೋರ್ಟು ಆ ಮೇಜಿನ ಮೇಲೆ ಬಿದ್ದಾಗ ಡಾಕ್ಟರು ಕಕ್ಕಾಬಿಕ್ಕಿಯಾಗುವುದನ್ನು ನೋಡಬೇಕಿತ್ತು ನನಗೆ. ಅದಕ್ಕೆ ಚಿಕ್ಕಮ್ಮನ ರಕ್ತವನ್ನು ಬಳಸಿಕೊಂಡೆ.

ಚಿಕ್ಕಮ್ಮ ಒಂದೂವರೆ ತಿಂಗಳಿಗೆ ರಕ್ತ ಕೊಡಲು ಹೋಗಲಿಲ್ಲ. ಕಡಲೆಕಾಯಿ ಕೀಳುವ ಕಾಲ, ಮುಗಿಯಲಿ ಬಿಡು ಎಂದು ಮುಂದೂಡಿದಳು. ಫೋನಿನಲ್ಲಿ ಒಮ್ಮೆ ಎದೆ ಹೊಡೆದುಕೊಳ್ಳುತ್ತದೆ ಎಂದಿದ್ದಳು. ನಾನು ಪರೀಕ್ಷೆ ಪೇಪರು ತಿದ್ದುವ ಗಡಿಬಿಡಿಯಲ್ಲಿ, ಹೋಗಿ ತೋರಿಸು ಎಂದಷ್ಟೇ ಹೇಳಿ ಇಟ್ಟಿದ್ದೆ. ಮೂರನೇ ತಿಂಗಳಲ್ಲಿ ಒಂದು ದಿನ, ಶಾಲೆಯ ಮಧ್ಯಾಹ್ನದ ಊಟದ ಬಿಡುವಿನಲ್ಲಿ, ಅವಳು ಹೊಲದಲ್ಲಿ ಕುಸಿದುಬಿದ್ದಳು, ಮಧುಗಿರಿಗೆ ಕರೆತಂದಿದ್ದಾರೆ ಎಂದು ಫೋನು ಬಂತು. ಅವಳು ಉಳಿದಳು, ಅದನ್ನು ಈಗಲೇ ಹೇಳಿಬಿಡುತ್ತೇನೆ. ಆದರೆ ಆವತ್ತು ಬಸ್ಸಿನಲ್ಲಿ ಕೂತಿದ್ದ ನನಗೆ ಅದು ಗೊತ್ತಿರಲಿಲ್ಲ. ದಾರಿಯುದ್ದಕ್ಕೂ ಯಾರನ್ನು ಶಪಿಸಬೇಕೆಂದು ತಿಳಿಯದೆ ಕೈ ಹಿಸುಕಿಕೊಳ್ಳುತ್ತ ಕೂತಿದ್ದೆ.

ಅದೇ ಕ್ಲಿನಿಕ್ಕು, ಅದೇ ಪರದೆ. ಅದರ ಹಿಂದಿನ ಮಂಚದ ಮೇಲೆ ಚಿಕ್ಕಮ್ಮ. ಕುತ್ತಿಗೆಯ ನರ ಪಟಪಟ ಹಾರುವುದು ಬಾಗಿಲಿನಿಂದಲೇ ಕಾಣುತ್ತಿತ್ತು. ಡಾಕ್ಟರು ಅವಳ ನಾಡಿ ಹಿಡಿದುಕೊಂಡು ಬಗ್ಗಿ ಕೇಳುತ್ತಿದ್ದರು.

"ಏನಮ್ಮ ಬದಲಾಯ್ತು? ಒಂದರ ಬದಲು ಎರಡು ನುಂಗಿದ್ಯಾ? ಬೇರೆ ಯಾವುದಾದ್ರೂ ಔಷಧಿ ತಗೊಂಡ್ಯಾ?"

"ಏನೂ ಇಲ್ಲ ಸಾಮಿ. ಮದ್ಲಿದ್ದಂಗೇ."

"ಸುಳ್ಳು ಹೇಳ್ಬೇಡಮ್ಮ. ಸುಮ್ ಸುಮ್ನೆ ಎದೆ ಹಿಂಗೆ ಓಡಲ್ಲ."

"ಏನೂ ಇಲ್ಲ ಸಾಮಿ," ಎಂದು ಮತ್ತೆ ಹೇಳಿದಳು. ಅವಳ ಗದ್ದ ಅದುರುತ್ತಿತ್ತು. ಬದುಕಿನಲ್ಲಿ ಒಂದೇ ಒಂದು ಸುಳ್ಳು ಹೇಳಲೂ ಬಾರದ ಹೆಂಗಸು. ನನ್ನನ್ನು ಕಂಡು ಹತ್ತಿರ ಕರೆದು, ಕಿವಿಯಲ್ಲಿ ಉಸುರಿದಳು.

"ನೀನು ಹೇಳ್ಬ್ಯಾಡ ಅಂದಿದ್ದೆ ಕಣಮ್ಮ. ನಾನ್ ಬಾಯ್ ಬುಡ್ಲಿಲ್ಲ."

ಅವಳ ಕಣ್ಣಿನಲ್ಲಿ ಹೆಮ್ಮೆಯಿತ್ತು. ನನಗೆ ಅಲ್ಲೇ ಭೂಮಿಗಿಳಿದು ಹೋಗಬೇಕು ಅನ್ನಿಸಿತು.

"ಸಾರ್, ಸುಳ್ಳು ಹೇಳಿಸಿದ್ದು ನಾನು," ಎಂದೆ. ತಿಳಿಯಾದ ನನ್ನ ದನಿ ಆ ಪರದೆಯನ್ನು ದಾಟಿ ಬೆಂಚುಗಳವರೆಗೂ ಕೇಳಿಸಿತು. ಅಂಬಲಿ, ಶಿರಾ, ನೂರಿಪ್ಪತ್ತೈದು, ಚಿಕ್ಕಮ್ಮನಿಗೆ ನಾನು ಹೇಳಿಕೊಟ್ಟದ್ದು, ಏಕೆ ಹೇಳಿಕೊಟ್ಟೆ ಎಂಬುದು, ಯಾವುದನ್ನೂ ಬಿಡದೆ ಹೇಳಿದೆ. ಡಾಕ್ಟರು ನಾಡಿ ಹಿಡಿದ ಕೈ ಬಿಡದೆ ಕೇಳಿದರು. ನನ್ನ ಮಾತನ್ನು ಅವರು ಕೊನೆಯವರೆಗೂ ಕೇಳಿದ್ದು ಅದೇ ಮೊದಲು.

"ಇದನ್ನ ನನಗೆ ಮೊದಲೇ ಹೇಳೋಕೆ ಏನಾಗಿತ್ತು ನಿಮಗೆ?" ಎಂದರು.

"ಮೊದಲೇ ಕೇಳೋಕೆ ನಿಮಗೇನಾಗಿತ್ತು?"

ಆಮೇಲೆ ಅವರು ನನ್ನ ಕಡೆ ತಿರುಗಿ, ಗಟ್ಟಿ ದನಿಯಲ್ಲೇ, ಎಲ್ಲರಿಗೂ ಕೇಳುವಂತೆ ಹೇಳಿದರು: "ಹಂಗಾದ್ರೆ ಅವತ್ತು ನೀವು ಸುಳ್ಳು ಹೇಳಿರ್ಲಿಲ್ಲ."

ಎರಡು ವರ್ಷ ಕಾದಿದ್ದ ಮಾತು. ಬಂದೇಬಿಟ್ಟಿತು. ನಾನು ತಲೆ ಎತ್ತಲಿಲ್ಲ. ಚಿಕ್ಕಮ್ಮನ ಕೈ ನನ್ನ ಕೈಯಲ್ಲಿ ತರತರ ನಡುಗುತ್ತಿತ್ತು.

"ಯಾರು ಸುಳ್ಳು ಯಾರು ನಿಜ ಅಂಬೋದ ಆಮ್ಯಾಕ್ ನೋಡ್ಕಳಿ ಸಾಮಿ," ಎಂದಳು ಅವಳು. "ನನ್ ಎದೆ ನಿಂತೋದ್ರೆ, ನಿಮ್ಮಿಬ್ರಾಗೆ ಯಾರ್ ಗೆದ್ರೆ ನಂಗೇನ್ ಬಂತು?"