ಕೆರೆದ ಚರ್ಮ

ಕ್ಷಯಕ್ಕೆ ಇನ್ನೂ ಮದ್ದು ಹುಟ್ಟಿಲ್ಲ, ಸೂಜಿಯಿದೆ, ಅಷ್ಟೇ. ಗೊತ್ತಿದ್ದೂ ಚುಚ್ಚಿಸಿಕೊಳ್ಳುತ್ತೇವೆ.

ಕಮರಿಪೇಟೆಯ ಕಮರುದ್ದೀನ ತಬಲಾಕ್ಕೆ ಚರ್ಮ ಬಿಗಿಯುವವ. ಅವನ ಹೆಂಡತಿ ರೆಹಮತ್‌ಬಿಗೆ ಎರಡೂ ಪುಪ್ಪುಸ ಕೆಟ್ಟಿದ್ದವು. ಡಾಕ್ಟರ ಪಂಢರಿನಾಥರು ವಾರಕ್ಕೊಮ್ಮೆ ಬಂಗಾರದ ಉಪ್ಪು ಕರಗಿಸಿದ ನೀರನ್ನು ಅವಳ ರಕ್ತಕ್ಕೆ ಚುಚ್ಚುತ್ತಿದ್ದರು. ಖರ್ಚು ಪೇಟೆಯ ಧರ್ಮಾರ್ಥ ಮಂಡಳಿಯದು. ಮಂಡಳಿಯ ಹಿರಿಯರು ಪಟ್ಟು ಹಿಡಿದರು: ರಕ್ತದಲ್ಲಿ ಕರಗಿದ್ದು ಪುಪ್ಪುಸದೊಳಗೆ ಇಳಿಯುತ್ತದೆಂದು ಕಣ್ಣಿಗೆ ತೋರಿಸಿ, ಇಲ್ಲವಾದರೆ ಸೂಜಿ ಬಂದ್.

ಡಾಕ್ಟರರು ಒಂದು ಮಾದರಿ ಹೂಡಿದರು. ಗಾಜಿನ ಪೆಟ್ಟಿಗೆ, ನಡುವೆ ಆಡಿನ ಚರ್ಮದ ಪರದೆ. ಎಡಕ್ಕೆ ನೀಲಿ ಕಲಸಿದ ನೀರು, ಅದು ರಕ್ತ. ಬಲಕ್ಕೆ ತಿಳಿನೀರು, ಅದು ಪುಪ್ಪುಸ.

"ರೋಗದ ಪುಪ್ಪುಸ ಗಟ್ಟಿಯಾಗಿರ್ತದ ಕಮರುದ್ದೀನ. ಚರ್ಮನೂ ಹಂಗಽ ದಪ್ಪ ಇರಲಿ," ಎಂದು ಹೇಳಿ ಮಾಡಿಸಿದರು. ದಿನವಿಡೀ ಕಾದರೂ ತಿಳಿನೀರು ತಿಳಿಯಾಗಿಯೇ ಉಳಿಯಿತು.

"ನಾಳೆ ಹಿರಿಯರು ಬರ್ತಾರ," ಎಂದು ಡಾಕ್ಟರರು ತಲೆ ಅಲ್ಲಾಡಿಸಿದರು.

"ಹದ ಬಂದಿಲ್ರಿ ಸಾಹೇಬ್ರ," ಎಂದ ಕಮರುದ್ದೀನ. "ಮನಿಗೆ ಒಯ್ದು ಸರಿ ಮಾಡ್ಕೊಂಡು ಬರ್ತೇನಿ."

ಮನೆಯಲ್ಲಿ ರೆಹಮತ್‌ಬಿ ಗೋಡೆಗೆ ಒರಗಿ ಮೈ ತುರಿಸಿಕೊಳ್ಳುತ್ತಿದ್ದಳು. ಸೂಜಿ ಶುರುವಾದಾಗಿನಿಂದ ಮೈತುಂಬ ಕೆಂಪು ದದ್ದು. ಗಂಡ ಚರ್ಮ ಕೆರೆಯುವುದನ್ನು ನೋಡಿದಳು.

"ಇದು ಯಾವ ಉಸ್ತಾದರ ತಬಲಾರಿ? ಇಷ್ಟು ತೆಳ್ಳಗಾದ್ರ ಮೊದಲನೇ ಪೆಟ್ಟಿಗೇ ಬೆರಳು ಒಳಗ ಹೋಗ್ತಾವ."

"ಹೋಗ್ಲಿ. ಹೋಗ್ಬೇಕಂತನಽ ಕೆರೆಯಾಕತ್ತೇನಿ."

"ಸೂಜಿ ಸಾಕ್ರಿ. ಉರೀತದ."

"ಇನ್ನೊಂದೀಟು ತಡಕೋ."

ಮರುದಿನ ಹಿರಿಯರ ಕಣ್ಣೆದುರೇ ತಿಳಿನೀರು ನೀಲಿಗಟ್ಟಿತು. ಚಪ್ಪಾಳೆ ಬಿತ್ತು. ಸೂಜಿ ಮುಂದುವರಿಯಿತು. ರೆಹಮತ್‌ಬಿಯ ಬಾಯೆಲ್ಲ ಹುಣ್ಣಾಯಿತು, ಅಂಬಲಿಯೂ ಇಳಿಯದಾಯಿತು, ಮೈಯ ಚರ್ಮ ಸುಲಿಯಿತು. ಕೆಮ್ಮು ಮಾತ್ರ ಇದ್ದಂತೆಯೇ ಇತ್ತು. ಮೊಹರಮ್ಮಿಗೆ ಮುಂಚೆ ಸತ್ತಳು.

ಕಮರುದ್ದೀನ ಅಳಲಿಲ್ಲ. ಮಣ್ಣು ಕೊಟ್ಟು ಬಂದು, ಕೆಲವು ದಿನ ಬಿಟ್ಟು ಮತ್ತೆ ಕೆರೆಯಲು ಕುಳಿತ. ನೆರೆಯವರು ಊಟ ಕೊಟ್ಟರೆ ಉಂಡ, ಕೊಡದಿದ್ದರೆ ಕೇಳಲಿಲ್ಲ.

ಡಾಕ್ಟರರು ಬಂದು ಹೊಸ್ತಿಲಲ್ಲೇ ನಿಂತರು. "ಆ ಪರದೆ ಹರದದ ಕಮರುದ್ದೀನ. ಸೋಮವಾರ ಧಾರವಾಡದಾಗ ಮಂದಿ ಮುಂದ ಪೆಟ್ಟಿಗಿ ತೋರಸ್ಬೇಕು. ಮೊದಲಿನಂಥದ್ದು ಇನ್ನೊಂದು ಮಾಡ್ಕೊಡಪಾ."

"ಯಾವ ಮೊದಲಿಂದ್ರಿ? ನಾ ಕೆರಿಯೂಕಿಂತ ಮೊದಲಿಂದೋ, ಕೆರದ ಮ್ಯಾಲಿಂದೋ?"

ಡಾಕ್ಟರರು ಬೀದಿಯ ಕಡೆ ನೋಡಿದರು. "ನೀರು ನೀಲಿ ಆಗೂವಂಥಾದ್ದು."

ಕಮರುದ್ದೀನ ಎರಡನ್ನೂ ಮಾಡಿ ಕೊಟ್ಟಿದ್ದಾನೆ, ದಪ್ಪದ್ದೊಂದು, ತೆಳುವಾದದ್ದೊಂದು. ಅವನನ್ನು ಬೈಯಬೇಡಿ. ಹೆಂಡತಿಯ ಜೀವವನ್ನು ಪೆಟ್ಟಿಗೆಯ ನೀರಿಗೆ ಕಟ್ಟಿದವರು ಬೇರೆ. ಸೋಮವಾರ ಧಾರವಾಡದಲ್ಲಿ ಆ ಪೆಟ್ಟಿಗೆ ನೋಡಲು ಹೋಗುವವರು ನೀವೇ. ಚಪ್ಪಾಳೆಗೆ ಕೈ ಎತ್ತುವ ಮೊದಲು ಎದ್ದು ನಿಂತು ಹೇಳಿರಿ: ದಪ್ಪ ಚರ್ಮ ಹಾಕಿ ತೋರಿಸಿರಿ.